ಕೊಡೆಗಳ ಹಣದ ವಿಷಯ

ಲೆಸ್ಟರ್, ಇಂಗ್ಲೆಂಡ್,
ಮೇ 18

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಸವಿತಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶಾಲೆಯ ಮಕ್ಕಳ ಕೊಡೆಗಳಿಗೆಂದು ಇಲ್ಲಿಯ ನನ್ನ ಸಹೋದ್ಯೋಗಿಗಳು ಕೊಡುವ ಹಣವನ್ನು ನಿಮ್ಮ ಪಿಂಚಣಿ ಖಾತೆಗೆ ಹಾಕಿದರೆ ತೊಂದರೆಯಾದೀತೆಂದು ಬ್ಯಾಂಕಿನವರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅಂಥ ಒಂದು ರೂಪಾಯಿಯೂ ನಿಮ್ಮ ಖಾತೆಗೆ ಬಂದಿಲ್ಲ, ಖಂಡಿತ ಬರುವುದೂ ಇಲ್ಲ.

ಈ ಆಲೋಚನೆ ಹುಟ್ಟಿದ್ದೇ ಇಲ್ಲಿಯ ವಾಡಿಕೆಯಿಂದ. ನಮ್ಮವರು ಹರಕೆ ಹೊತ್ತು ಬೆಟ್ಟ ಹತ್ತುವಂತೆ ಇವರು ದಾನ ಕೂಡಿಸಲು 42 ಕಿಲೋಮೀಟರ್ ಓಡುತ್ತಾರೆ. ನನ್ನ ಪಕ್ಕದ ಮೇಜಿನವಳು ಹಾಗೆ ಓಡುವ ಮೊದಲು ಜಸ್ಟ್‌ಗಿವಿಂಗ್ ಜಾಲತಾಣದಲ್ಲಿ ಒಂದು ಪುಟ ತೆರೆದಿದ್ದಳು. ‘ಅಜ್ಜಿಯ ನೆನಪಿಗೆ’ ಎಂದಷ್ಟೇ ಬರೆದು ಯಾರೋ ಹೆಸರು ಹೇಳದೆ 5 ಪೌಂಡ್ ಕೊಟ್ಟಿದ್ದರು. ನಾನು 10 ಪೌಂಡ್ ಕೊಟ್ಟು, ತೆರಿಗೆ ಕಟ್ಟುವವಳಾದ್ದರಿಂದ ಗಿಫ್ಟ್ ಏಡ್ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅಷ್ಟರಿಂದಲೇ ಅವಳು ಯಾವ ಸಂಸ್ಥೆಗಾಗಿ ಓಡುತ್ತಿದ್ದಳೋ ಅದಕ್ಕೆ ಇಲ್ಲಿಯ ಸರ್ಕಾರದಿಂದ ಇನ್ನೂ ಎರಡೂವರೆ ಪೌಂಡ್ ಸೇರುತ್ತದೆ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ತೊಯ್ದ ಪುಸ್ತಕದೊಡನೆ ನಿಮ್ಮ ತರಗತಿಗೆ ಬರುತ್ತಿದ್ದ ಮಕ್ಕಳು ಆಗ ನನ್ನ ಕಣ್ಣ ಮುಂದೆ ಬಂದರು.

ಆದರೆ ನಮ್ಮ ದೇಶದಲ್ಲಿ ವಿದೇಶಿಯರ ದೇಣಿಗೆಯನ್ನು ಪಡೆಯುವ ಸಂಸ್ಥೆಗೆ 2010ರ ವಿದೇಶಿ ದೇಣಿಗೆ ಕಾಯ್ದೆಯಂತೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು; 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಅದೆಲ್ಲ ಎಲ್ಲಿಂದ ಬರಬೇಕು? ಆದ್ದರಿಂದ ಸಹೋದ್ಯೋಗಿಗಳ ಹಣವನ್ನು ನಾನು ಕೈಯಲ್ಲೂ ಮುಟ್ಟಲಿಲ್ಲ. ಶಾಲಾಮಕ್ಕಳಿಗೆ ಊಟ ನೀಡುವ ನಮ್ಮ ಬೆಂಗಳೂರಿನ ಅಕ್ಷಯ ಪಾತ್ರದ ಸಂಸ್ಥೆ ಇಲ್ಲಿಯೂ ಇರುವುದರಿಂದ, ಕೊಡುವ ಮನಸ್ಸಿದ್ದರೆ ಅಲ್ಲಿಗೇ ನೇರವಾಗಿ ಕೊಡಿರೆಂದು ಕೇಳಿಕೊಂಡೆ.

ನನ್ನ ಪಾಸ್‌ಪೋರ್ಟ್ ಇಂದಿಗೂ ಭಾರತದ್ದೇ. ನಾನು ದುಡಿದು ಉಳಿಸಿದ ಸ್ವಂತ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. 38 ಕೊಡೆಗಳಿಗೆ ತಲಾ 300ರಂತೆ 11,400 ರೂಪಾಯಿಯನ್ನು ನೇರವಾಗಿ ಎಸ್‌ಡಿಎಂಸಿ ಖಾತೆಗೆ ಹಾಕುತ್ತೇನೆ, ಪಾಸ್‌ಪೋರ್ಟಿನ ಪ್ರತಿಯನ್ನೂ ಹೆಡ್‌ಮಾಸ್ಟರಿಗೆ ಕಳುಹಿಸುತ್ತೇನೆ. ರಸೀದಿಯನ್ನು ಮಾತ್ರ ನೀವು ಕೇಳಿ ಪಡೆಯಿರಿ. ಇದಕ್ಕಾಗಿ ನಾನು ಸಾಲ ಮಾಡಿಲ್ಲ, ಊಟ ಬಿಟ್ಟಿಲ್ಲ, ಮನೆ ಬಾಡಿಗೆಯನ್ನೂ ತಪ್ಪಿಸಿಲ್ಲ. ಅಮ್ಮನಿಗೆ ಇದನ್ನು ಎರಡು ಸಲ ಓದಿ ಹೇಳಿ.

ಬಸ್ಸಿಗೆ ಹೊತ್ತಾಯಿತು. ಬಿಪಿ ಮಾತ್ರೆ ತಪ್ಪಿಸಬೇಡಿ. ಜೂನ್ ಮಳೆ ಹಿಡಿಯುವುದರೊಳಗೆ ಕೊಡೆಗಳು ಬಂದುವೇ ಎಂದು ತಿಳಿಸಿ.

ನಿಮ್ಮ ಮಗಳು,
ಸವಿತಾ