ಒಂಟಿ ಸಿಗಾರ್ ಇನ್ನು ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಬೆಂಗಳೂರು, ಜೂನ್ 2025

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿಂದ ನಮ್ಮ ಅಂಗಡಿಯಲ್ಲಿ ಸಿಗಾರ್ ಬಿಡಿಯಾಗಿ ಸಿಗುವುದಿಲ್ಲ. ಕ್ಯೂಬಾದ್ದಾಗಲಿ, ಬೇರೆ ದೇಶದ್ದಾಗಲಿ, ಕೊಂಡರೆ ಪೂರ್ತಿ ಪ್ಯಾಕು ಇಲ್ಲವೇ ಪೂರ್ತಿ ಪೆಟ್ಟಿಗೆ. ಮೇ ಕೊನೆಗೆ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ ತಂಬಾಕಿನ ಪದಾರ್ಥವನ್ನು ಬಿಡಿಯಾಗಿ ಮಾರುವಂತಿಲ್ಲ, 21 ತುಂಬದವರಿಗೆ ಮಾರುವಂತೆಯೇ ಇಲ್ಲ. ಅದೆಲ್ಲ ಬೀಡಿ, ಸಿಗರೇಟಿಗೆ ಎಂದು ಒಂದಿಬ್ಬರು ಫೋನ್ ಮಾಡಿ ಧೈರ್ಯ ಹೇಳಿದರು. ಟ್ಯೂಬಿನಲ್ಲಿ ಬರುವ ಒಂದನ್ನು ಪ್ಯಾಕು ಅನ್ನಬಹುದಲ್ಲ ಎಂದವರೂ ಇದ್ದಾರೆ. ಆ ವಕೀಲಿಕೆ ನಮಗೆ ಬೇಡ. ವಯಸ್ಸಿನ ದಾಖಲೆ ಕೇಳಿದರೆ ಬೇಜಾರಾಗಬೇಡಿ. ತಲೆ ನರೆತವರನ್ನು ಕೇಳುವುದಿಲ್ಲ.

ಇದರಿಂದ ನಿಮಗಾಗುವ ತೊಂದರೆ ಏನೆಂದು ನಮಗೆ ಗೊತ್ತು. ಇಷ್ಟು ದಿನ ಒಂದು ಕೊಂಡು, ಸಂಜೆ ಸೇದಿ ನೋಡಿ, ಒಗ್ಗಿದರೆ ಪೆಟ್ಟಿಗೆಗೆ ಬರುತ್ತಿದ್ದಿರಿ. ಆ ದಾರಿ ಮುಚ್ಚಿತು. ಇನ್ನು ಕಣ್ಣು, ಮೂಗು, ಬೆರಳು ಇವುಗಳನ್ನೇ ನಂಬಿ ಆರಿಸಬೇಕು. ಅದಕ್ಕೆಂದೇ ನಮ್ಮ ಕಡೆಯಿಂದಲೂ ಒಂದು ಬದಲಾವಣೆ: ದುಡ್ಡು ಕೊಡುವ ಮೊದಲೇ ಪೆಟ್ಟಿಗೆಯ ಸೀಲನ್ನು ನಿಮ್ಮೆದುರಿಗೆ ಕತ್ತರಿಸಿ ತೆರೆಯುತ್ತೇವೆ. ಒಪ್ಪಿಗೆಯಾಗದಿದ್ದರೆ ಬಿಟ್ಟು ಹೋಗಿ, ಮುಜುಗರ ಬೇಡ.

ಕ್ಯೂಬಾದ ಪೆಟ್ಟಿಗೆ ಕೈಗೆ ಬಂದಾಗ ಮೊದಲು ಮಗುಚಿ ನೋಡಿ. ತಳದಲ್ಲಿ ‘ಹೆಚೊ ಎನ್ ಕೂಬಾ’ (ಕ್ಯೂಬಾದಲ್ಲಿ ತಯಾರಾದದ್ದು), ‘ತೊತಾಲ್‌ಮೆಂತೆ ಆ ಮಾನೊ’ (ಪೂರ್ತಿ ಕೈಯಿಂದ) ಎಂಬ ಅಕ್ಷರಗಳು ಕಾಯಿಸಿ ಒತ್ತಿದ ಹಾಗೆ ಮರದೊಳಗೆ ಇಳಿದಿರುತ್ತವೆ. ಬೆರಳಾಡಿಸಿದರೆ ತಗ್ಗು ಸಿಗಬೇಕು. ಪಕ್ಕದಲ್ಲಿ ಶಾಯಿಯ ಮುದ್ರೆ: ಕಾರ್ಖಾನೆಯ ಗುಟ್ಟಿನ ಮೂರಕ್ಷರ, ಕೆಳಗೆ ಸ್ಪ್ಯಾನಿಷ್‌ನಲ್ಲಿ ತಿಂಗಳು, ವರ್ಷ. ‘ಎನೆ’ ಅಂದರೆ ಜನವರಿ, ‘ಆಗೊ’ ಆಗಸ್ಟ್, ‘ದಿಕ್’ ಡಿಸೆಂಬರ್. ನಮ್ಮ ಮಟ್ಟಿಗೆ ಪೆಟ್ಟಿಗೆಯ ಮೇಲಿನ ಬ್ರ್ಯಾಂಡಿಗಿಂತ ಈ ತಾರೀಖೇ ದೊಡ್ಡದು. ಕಾರ್ಖಾನೆಯಿಂದ ಆಗಷ್ಟೇ ಬಂದದ್ದಕ್ಕೆ ಕೆಲವೊಮ್ಮೆ ಅಮೋನಿಯಾದ ಘಾಟು ಇರುತ್ತದೆ, ತೊಳೆಯದ ಕೊಟ್ಟಿಗೆಯ ಹಾಗೆ. ಎರಡು ಮೂರು ವರ್ಷ ಕೂತರೆ ಅದೇ ಸಿಗಾರ್ ಹದಕ್ಕೆ ಬರುತ್ತದೆ. ಎರಡು ಪೆಟ್ಟಿಗೆಯಲ್ಲಿ ಹಳೆಯದನ್ನೇ ಎತ್ತಿಕೊಳ್ಳಿ.

ಆಮೇಲೆ ಕ್ಯೂಬಾ ಸರ್ಕಾರದ ಹಸಿರು ಬಿಳಿಯ ಸೀಲು. ಈಗಿನದರಲ್ಲಿ ಹೊಲೊಗ್ರಾಮ್, ಬಾರ್‌ಕೋಡ್ ಇರುತ್ತವೆ. ಆ ಸಂಖ್ಯೆಯನ್ನು ಕ್ಯೂಬಾದ ಸಿಗಾರನ್ನು ಲೋಕಕ್ಕೆಲ್ಲ ಮಾರುವ ಹಬಾನೋಸ್ ಕಂಪನಿಯ ಜಾಲತಾಣದಲ್ಲಿ ಹಾಕಿ ತಾಳೆ ನೋಡಬಹುದು. ನಮ್ಮ ದೇಶಕ್ಕೆ ಸರಿಯಾದ ದಾರಿಯಲ್ಲಿ ಬಂದ ಮಾಲಿನ ಮೇಲೆ ಪೆಟ್ಟಿಗೆಯ ಮುಖದ ಶೇ 85ರಷ್ಟು ಆರೋಗ್ಯದ ಎಚ್ಚರಿಕೆ, ಆಮದುದಾರರ ಹೆಸರು, ಎಂಆರ್‌ಪಿ ಇರಲೇಬೇಕು. ನೋಡಲು ಅಂದವಿಲ್ಲ, ನಿಜ. ಆದರೆ ಅಂದವಾಗಿರುವ ಪೆಟ್ಟಿಗೆಯ ಕಥೆ ಕೇಳಿ. ನಮ್ಮ ಹಳೆಯ ಗ್ರಾಹಕರೊಬ್ಬರು ವಿದೇಶದ ಬೀದಿಯೊಂದರಲ್ಲಿ ಚೌಕಾಸಿ ಮಾಡಿ ಕ್ಯೂಬಾದ ದುಬಾರಿ ಬ್ರ್ಯಾಂಡಾದ ಕೊಹೀಬಾ ತಂದಿದ್ದರು. ಒಳಗಿನದು ಕಾಣುವ ಹಾಗೆ ಗಾಜಿನ ಮುಚ್ಚಳ, ಹಿತ್ತಾಳೆಯ ಚಿಲಕ. ಹೆಮ್ಮೆಯಿಂದ ಕೌಂಟರಿನ ಮೇಲಿಟ್ಟರು. ಅಪ್ಪಾಜಿ ನೋಡಿ ಸುಮ್ಮನಾದರು. ಕ್ಯೂಬಾದವರು ಕೊಹೀಬಾಕ್ಕೆ ಗಾಜಿನ ಮುಚ್ಚಳ ಹಾಕಿ ಕಳಿಸುವುದೇ ಇಲ್ಲ! ಒಂದನ್ನು ಉದ್ದಕ್ಕೆ ಸೀಳಿದೆವು: ಒಳಗೆ ಇರಬೇಕಾದ ಉದ್ದದ ಎಲೆಯೇ ಇಲ್ಲ, ಬರೀ ಪುಡಿ.

ಮುಚ್ಚಳ ತೆಗೆದ ಕೂಡಲೇ ಬಣ್ಣ ನೋಡಿ. ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವುದಕ್ಕೆಂದೇ ಜನ ಇರುತ್ತಾರೆ; ಎಡಗಡೆ ಕಡುಬಣ್ಣದಿಂದ ಬಲಗಡೆ ತಿಳಿಯ ಕಡೆಗೆ, ಕಣ್ಣಿಗೆ ಗೊತ್ತಾಗದಷ್ಟು ಮೆಲ್ಲಗೆ ಇಳಿಸುತ್ತಾರೆ. ನಡುವೆ ಒಂದು ಮಚ್ಚೆಯ ಹಾಗೆ ಎದ್ದು ಕಂಡರೆ ಅನುಮಾನ ಪಡಿ. ಹೊರಗಿನ ಎಲೆಯಲ್ಲಿ ದಪ್ಪ ನರ ಇರಬಾರದು, ತೆಳ್ಳಗೆ ಎಣ್ಣೆ ಸವರಿದ ಹೊಳಪಿರಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಗುರಾಗಿ ಒತ್ತುತ್ತಾ ತುದಿಯಿಂದ ತುದಿಗೆ ಹೋಗಿ. ಒತ್ತಿದರೆ ಚೂರು ತಗ್ಗಿ ಮತ್ತೆ ಎದ್ದು ಬರಬೇಕು. ಎಲ್ಲೋ ಗಂಟು ಸಿಕ್ಕರೆ ಹೊಗೆ ಕಟ್ಟುತ್ತದೆ, ಎಳೆದರೂ ಬರುವುದಿಲ್ಲ; ಪೊಳ್ಳು ಸಿಕ್ಕರೆ ಬೇಗ ಉರಿದು ಬಾಯಿ ಸುಡುತ್ತದೆ, ಚರಚರ ಎಂದರೆ ಒಣಗಿದೆ. ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಹುಳು, ಪೆಟ್ಟಿಗೆಯನ್ನೇ ಬಿಡಿ.

ಹುಣಸೂರು, ಪಿರಿಯಾಪಟ್ಟಣದ ಕಡೆಯ ಗ್ರಾಹಕರು ಈ ಬಣ್ಣದ ವಿಷಯಕ್ಕೆ ನಗುತ್ತಾರೆ. ಅಲ್ಲಿ ಬ್ಯಾರನ್ನಿನಲ್ಲಿ (ತಂಬಾಕು ಒಣಗಿಸುವ ಮನೆಯಲ್ಲಿ) ಬೆಂಕಿಯ ಕಾವು ಕೊಟ್ಟು ಕೆಲವೇ ದಿನಗಳಲ್ಲಿ ಎಲೆಯನ್ನು ಹಳದಿಗೆ ನಿಲ್ಲಿಸುತ್ತಾರೆ. ಅದು ಸಿಗರೇಟಿನ ಎಲೆ. ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಮರದ ಮನೆಯೊಳಗೆ ವಾರಗಟ್ಟಲೆ ಬರೀ ಗಾಳಿಗೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುಳಿಸುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಅಂಥ ಸಾವಿರಾರು ಮನೆಗಳನ್ನು ಕೆಡವಿತು. ನೀವು ಕೇಳಿದ್ದು ಎಷ್ಟೋ ಸಲ ನಮ್ಮಲ್ಲಿ ಇರದಿದ್ದುದಕ್ಕೆ ಅದೂ ಒಂದು ಕಾರಣ.

ದಪ್ಪಗಿದ್ದರೆ ಖಾರ ಎಂದುಕೊಳ್ಳಬೇಡಿ, ಕಪ್ಪಗಿದ್ದರೂ ಅಷ್ಟೇ. ಖಾರ ಬರುವುದು ಒಳಗಿನ ‘ಲಿಹೇರೊ’ ಎಲೆಯಿಂದ, ಅಂದರೆ ಗಿಡದ ಮೇಲ್ಭಾಗದಲ್ಲಿ ಬಿಸಿಲುಂಡ ಎಲೆಯಿಂದ. ಪೂರ್ತಿ ಪೆಟ್ಟಿಗೆ ಭಾರವಾದರೆ ಎಚ್. ಅಪ್‌ಮನ್ ಹಾಫ್ ಕರೋನಾ ಐದರ ತಗಡಿನ ಡಬ್ಬಿಯಲ್ಲಿ ಬರುತ್ತದೆ: 90 ಮಿ.ಮೀ. ಉದ್ದ, ಕಾಫಿ ಮುಗಿಯುವುದರೊಳಗೆ ಅಲ್ಲದಿದ್ದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೊಸಬರಿಗೆ ನಾವು ಕೊಡುವುದು ಅದೇ. ಮಾಂಟೆಕ್ರಿಸ್ಟೊ ನಂಬರ್ 4 (129 ಮಿ.ಮೀ.) ಮಧ್ಯಮ. ಪಾರ್ತಗಾಸ್ ಸೀರೀ ಡಿ ನಂಬರ್ 4 (124 ಮಿ.ಮೀ., ದಪ್ಪ 50) ಘಾಟು, ಖಾಲಿ ಹೊಟ್ಟೆಯಲ್ಲಿ ಬೇಡ. ದಪ್ಪದ ಲೆಕ್ಕ ಇಂಚಿನ 64ರಲ್ಲೊಂದು ಭಾಗದಲ್ಲಿ. 50 ಅಂದರೆ ಸುಮಾರು 20 ಮಿ.ಮೀ. ಕೊಹೀಬಾ ಇಡುವುದನ್ನು ನಿಲ್ಲಿಸಿದ್ದೇವೆ. 2022ರಲ್ಲಿ ಅದರ ಬೆಲೆಯನ್ನು ಲೋಕಕ್ಕೆಲ್ಲ ಹಾಂಗ್‌ಕಾಂಗ್‌ನ ದುಬಾರಿ ಮಟ್ಟಕ್ಕೆ ಏರಿಸಿದ ಮೇಲೆ, ಒಂದೊಂದೇ ಕೊಳ್ಳುವವರಿಂದ ಹೇಗೋ ನಡೆಯುತ್ತಿತ್ತು. ಪೆಟ್ಟಿಗೆ ಲೆಕ್ಕದಲ್ಲಿ ಮಾರುವ ಧೈರ್ಯ ನಮಗಿಲ್ಲ.

ಪೆಟ್ಟಿಗೆ ಒಯ್ದ ಮೇಲೆ ಕಾಪಾಡುವ ಹೊಣೆ ನಿಮ್ಮದು. ದಯವಿಟ್ಟು ಫ್ರಿಜ್ಜಿನಲ್ಲಿಡಬೇಡಿ, ಒಣಗುವುದರ ಜೊತೆಗೆ ಸಾರು, ಹುಳಿಯ ವಾಸನೆ ಹಿಡಿಯುತ್ತದೆ. ಗಾಳಿಯಾಡದ ಅಡುಗೆಮನೆಯ ಡಬ್ಬಿಯೊಳಗೆ ತೇವ ಕಾಯುವ ಪೊಟ್ಟಣದೊಂದಿಗೆ ಇಡಿ, ತೇವಾಂಶ ಶೇ 65ರಿಂದ 70 ಇರಲಿ. ಮಾರ್ಚ್, ಏಪ್ರಿಲ್‌ನಲ್ಲಿ ಡಬ್ಬಿಯನ್ನು ಮನೆಯ ತಣ್ಣನೆಯ ಮೂಲೆಗೆ ಸರಿಸಿ, ಸೆಕೆಗೆ ಹುಳುವಿನ ಮೊಟ್ಟೆ ಒಡೆಯುತ್ತದೆ. ಒಂದು ಪೆಟ್ಟಿಗೆಯಲ್ಲಿ ಎರಡಕ್ಕಿಂತ ಹೆಚ್ಚು ಹೊಗೆ ಕಟ್ಟಿದರೆ ಉಳಿದದ್ದನ್ನು ತನ್ನಿ, ಮುಂದಿನ ಖರೀದಿಯಲ್ಲಿ ಮುರಿದುಕೊಳ್ಳುತ್ತೇವೆ.

ಇದು ಜಾಹೀರಾತಲ್ಲ, ತಂಬಾಕಿಗೆ ಜಾಹೀರಾತು ಕೊಡುವಂತೆಯೂ ಇಲ್ಲ. ಈಗಾಗಲೇ ಖಾತೆ ಇರುವವರಿಗೆ ಮಾತ್ರ ಬರೆದದ್ದು. ಹೊಗೆ ಒಳಗೆಳೆಯದಿದ್ದರೆ ತೊಂದರೆಯಿಲ್ಲ ಎಂದು ನಮ್ಮ ಬಾಯಲ್ಲಿ ಹೇಳಿಸಬೇಡಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಿಗಾರೂ ಕಾರಣವೇ. ಸೇದದವರು ಹೊಸದಾಗಿ ಶುರು ಮಾಡಲು ಬಂದರೆ ವಾಪಸ್ ಕಳಿಸಿದ್ದೂ ಉಂಟು.

ಗಾಜಿನ ಕಪಾಟಿನಲ್ಲಿ ಬಿಡಿಯಾಗಿ ಉಳಿದ ಮೂವತ್ತೊಂದು ಸಿಗಾರ್‌ಗಳ ಬಗ್ಗೆ ಕೇಳುತ್ತಿದ್ದೀರಿ. ಮಾರುವಂತಿಲ್ಲ, ಕೇಳಬೇಡಿ. ಅವು ತನ್ನ ಪಾಲಿಗಿರಲಿ ಎಂದು ಅಪ್ಪಾಜಿ ಹೇಳಿದರು; ಅವರ ಡಾಕ್ಟರು ಒಪ್ಪಿಲ್ಲ. ಕಪಾಟಿನ ಬೀಗದ ಕೈ ಸದ್ಯಕ್ಕೆ ಅಮ್ಮನ ಹತ್ತಿರ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ