ಗ್ರೀಕ್ ಮೂರ್ತಿಗಳು ಬೆಳ್ಳಗಿರಲಿಲ್ಲ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗ್ರೀಕ್ ಶಿಲ್ಪಗಳನ್ನು ‘ಹಾಲುಬಿಳುಪಿನ ಮೂರ್ತಿಗಳು’ ಎಂದು ಬರೆದಿದ್ದೀರಿ. ಅವು ಮೊದಲು ಹಾಗಿರಲಿಲ್ಲ. ತುಟಿ, ಕೂದಲು, ಬಟ್ಟೆಗೆಲ್ಲ ಬಣ್ಣ ಬಳಿಯುತ್ತಿದ್ದರು, ನಮ್ಮ ಗುಡಿ ಗೋಪುರದ ಗೊಂಬೆಗಳ ಹಾಗೆ. ಬಣ್ಣ ಉದುರಿಹೋಗಿದೆ, ಅಷ್ಟೆ.

ನಾನು ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರ್ ಆಗಿದ್ದವನು. ಪಾಠ ಮಾಡುವಾಗ ಈ ಮೂರ್ತಿಗಳ ನಿಲುವನ್ನು ಸುಮ್ನೆ ಬೋರ್ಡಿನ ಮುಂದೆ ನಿಂತೇ ತೋರಿಸುತ್ತಿದ್ದೆ. ಕ್ರಿ.ಪೂ. 600ರ ಸುಮಾರಿನ ‘ಕೂರೊಸ್’ (ಯುವಕನ ಮೂರ್ತಿ) ನೋಡಿದರೆ ಡ್ರಿಲ್ಲಿಗೆ ನಿಂತ ಹುಡುಗನ ಹಾಗೆ: ಮೈ ಸೆಟೆದು, ಮುಷ್ಟಿ ಬಿಗಿದು, ಎಡಗಾಲು ಮುಂದೆ. ಈ ನಿಲುವು ಈಜಿಪ್ಟಿನಿಂದ ಕಲಿತದ್ದು. ಕ್ರಿ.ಪೂ. 480ರ ಸುಮಾರಿನ ‘ಕ್ರಿಟಿಯೊಸ್ ಹುಡುಗ’ ಎಂಬ ಮೂರ್ತಿಯಲ್ಲಿ ಭಾರವೆಲ್ಲ ಒಂದೇ ಕಾಲಿನ ಮೇಲೆ. ಇನ್ನೊಂದು ಮೊಣಕಾಲು ಸಡಿಲ, ಸೊಂಟ ತುಸು ಓರೆ. ಇಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಬಸ್ಸಿಗೆ ಕಾಯುವವರೆಲ್ಲ ಹೀಗೇ ನಿಲ್ಲೋದು, ಅಲ್ವಾ? ಇಷ್ಟನ್ನು ಕಲ್ಲಿಗೆ ತರಲು ಅವರಿಗೆ ನೂರಕ್ಕೂ ಜಾಸ್ತಿ ವರ್ಷ ಹಿಡಿಯಿತು.

ನೀವು ಹಾಕಿದ ಫೋಟೊದಲ್ಲಿರುವ ಈಟಿಗಾರನ ಮೂರ್ತಿ ರೋಮನ್ನರ ಕಾಲದ ಅಮೃತಶಿಲೆಯ ನಕಲು. ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಮೂಲವನ್ನು ಮಾಡಿದ್ದು ಕಂಚಿನಲ್ಲಿ, ಅದು ಉಳಿದಿಲ್ಲ.

ಮುಂದಿನ ಸಲ ಬಣ್ಣ ಹಚ್ಚಿದ ಮಾದರಿಯ ಚಿತ್ರವನ್ನೂ ಹಾಕಿ. ದಯವಿಟ್ಟು ಕಲರ್ ಪುಟದಲ್ಲಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಕಲಬುರಗಿ