ಹಳೇ ಟೇಬಲ್ ಸಾ ಮಷೀನ್‌ಗೆ ಮೈಟರ್ ಗೇಜ್ ಬೇಕಾದ್ರೆ ಇನ್ಮೇಲೆ ಮಾಡೆಲ್ ನಂಬರ್ ಅಲ್ಲ, ಸ್ಲಾಟ್ ಅಳತೆ ಕಳಿಸಿ

ಎಲ್ಲ ಗ್ರಾಹಕರಿಗೂ ನಮಸ್ಕಾರ,

ಹಳೇ ಟೇಬಲ್ ಸಾಗಳ ಬಿಡಿಭಾಗಕ್ಕೆ ನಮ್ಮನ್ನ ನಂಬಿಕೊಂಡಿರೋ ನಿಮಗೆಲ್ಲ ಒಂದು ಬದಲಾವಣೆ ತಿಳಿಸ್ಬೇಕಿದೆ. ಇಷ್ಟು ದಿನ ನೀವು ಮಷೀನಿನ ಮಾಡೆಲ್ ನಂಬರ್ ಹೇಳಿದ್ರೆ ಸಾಕಿತ್ತು, ನಾವು ನಮ್ಮ ಪಟ್ಟಿ ನೋಡಿ ಮೈಟರ್ ಗೇಜ್ (ಅಡ್ಡ ಅಥವಾ ಓರೆ ಕಟ್ ಮಾಡೋವಾಗ ಹಲಗೆನ ಒರಗಿಸಿ ಬ್ಲೇಡ್ ಕಡೆ ತಳ್ಳೋ ಸಾಧನ) ಕಳಿಸ್ಬಿಡ್ತಿದ್ವಿ. ಇನ್ಮೇಲೆ ಹಾಗೆ ಕಳಿಸಲ್ಲ, ಗೇಜಿನ ಅಡಿಯ ಲೋಹದ ಪಟ್ಟಿ, ಅಂದ್ರೆ ಬಾರ್, ಜಾರೋಕೆ ಟೇಬಲ್ ಮೇಲೆ ಕೊರೆದಿರೋ ಉದ್ದನೆ ಸ್ಲಾಟಿನ ಅಳತೆ ನಿಮ್ಮಿಂದ ಬಂದ ಮೇಲೇನೇ ಪಾರ್ಸಲ್ ಕಟ್ಟೋದು.

ಇದಕ್ಕೆ ಕಾರಣ ನಮ್ದೇ ತಪ್ಪು. ಗ್ರಾಹಕರೊಬ್ರಿಗೆ ಅವರಪ್ಪನ ಕಾಲದ ಮಷೀನ್‌ಗೆ ಅಂತ ಒಂದು ಗೇಜ್ ಕಳಿಸಿದ್ವಿ, ಹೋಗ್ತಿಲ್ಲ ಅಂತ ವಾಪಸ್ ಬಂತು, ಬಾರ್ ಕೆಟ್ಟಿರ್ಬೇಕು ಅಂದ್ಕೊಂಡು ಇನ್ನೊಂದು ಕಳಿಸಿದ್ವಿ, ಅದೂ ವಾಪಸ್ ಬಂತು. ಮೂರನೇ ಸಲ ಅವರು ವಿಡಿಯೋ ಮಾಡಿ ಕಳಿಸಿದ್ರು. ನೋಡಿದ್ರೆ ಬಾರ್ ಮುಂದಿನ ಕಡೆಯಿಂದ ಒಂದು ಗೇಣು ಸಲೀಸಾಗಿ ಒಳಗೆ ಹೋಗುತ್ತೆ, ಅಲ್ಲಿ ಅಲ್ಲಾಡ್ತಾನೂ ಇರುತ್ತೆ, ಮಧ್ಯಕ್ಕೆ ಬಂದ ತಕ್ಷಣ ಗಪ್ ಅಂತ ನಿಂತ್ಬಿಡುತ್ತೆ. ವರ್ನಿಯರ್ (ಸೂಕ್ಷ್ಮ ಅಳತೆ ತೋರಿಸೋ ಸಾಧನ) ಹಿಡಿದು ಅಳೀರಿ ಅಂದ್ವಿ. ಮುಂದೆ 19.3 ಮಿಮೀ, ಮಧ್ಯ 18.9. ಮಧ್ಯದಲ್ಲಿ ಎರಡೂ ಗೋಡೆಗೆ ವರ್ಷಗಟ್ಟಲೆ ಮರದ ಅಂಟು ತುಕ್ಕು ಸೇರ್ಕೊಂಡು ಕಲ್ಲಿನ ಹಾಗೆ ಕೂತಿತ್ತು, ಸೀಮೆಎಣ್ಣೆ ಹಾಕಿ ನೆನೆಸಿ ಮರದ ಚಕ್ಕೆಯಲ್ಲಿ ಕೆರೆದ್ಮೇಲೆ 19.1 ಆಯ್ತು, ಮೊದಲು ಕಳಿಸಿದ್ದ ಗೇಜೇ ಜಾರ್ಕೊಂಡು ಹೋಯ್ತು. ಮೊದಲನೇ ದಿನವೇ ನಾವು ಅಳತೆ ಕೇಳಿದ್ರೆ ಅವರ ಒಂದು ತಿಂಗಳು ಉಳೀತಿತ್ತು. ಅದಕ್ಕೆ ನಮಗೆ ನಿಜವಾಗ್ಲೂ ಬೇಜಾರಿದೆ.

ಈಗ ಅಳತೆ ವಿಷ್ಯ. ಜಾಸ್ತಿ ಮಷೀನ್‌ಗಳಲ್ಲಿ ಸ್ಲಾಟ್ ಮುಕ್ಕಾಲು ಇಂಚು ಅಗಲ, ಮಿಮೀನಲ್ಲಿ 19.05, ಆಳ 3/8 ಇಂಚು ಅಂದ್ರೆ ಸುಮಾರು 9.5 ಮಿಮೀ. ಆದ್ರೆ ಹಳೇ ಚಿಕ್ಕ ಮಷೀನ್‌ಗಳಲ್ಲಿ ಇದಕ್ಕಿಂತ ಕಿರಿದಾದ ಸ್ಲಾಟೂ ಇರುತ್ತೆ, ಅದಕ್ಕೆ ಮುಕ್ಕಾಲು ಇಂಚಿನ ಬಾರ್ ಏನು ಮಾಡಿದ್ರೂ ಹೋಗಲ್ಲ. ಹಾಗಾಗಿ ಮುಂದೆ, ಮಧ್ಯ, ಹಿಂದೆ ಮೂರು ಕಡೆ ಅಗಲ ಅಳೀರಿ, ಆಳನೂ ಅಳೀರಿ, ಯಾಕಂದ್ರೆ ಆಳ ಕಮ್ಮಿ ಇದ್ರೆ ಬಾರ್ ಟೇಬಲ್‌ಗಿಂತ ಮೇಲೆದ್ದು ಗೇಜಿನ ತಲೆ, ಅಂದ್ರೆ ಹಲಗೆ ಒರಗೋ ಮೇಲಿನ ಭಾಗ, ಸರಿಯಾಗಿ ಕೂರಲ್ಲ. ಅಳೆಯೋಕ್ಕಿಂತ ಮುಂಚೆ ಪ್ಲಗ್ ಕಿತ್ತಿಡಿ, ಸ್ಲಾಟ್ ಕ್ಲೀನ್ ಮಾಡಿ.

ಇನ್ನೊಂದು, ಸ್ಲಾಟನ್ನ ತುದಿ ಕಡೆಯಿಂದ ನೋಡಿದ್ರೆ ಕೆಲವು ನೇರವಾಗಿ ಚೌಕ ಇರ್ತವೆ, ಕೆಲವಕ್ಕೆ ಅಡಿಯಲ್ಲಿ ಅಕ್ಕಪಕ್ಕ ಇನ್ನೂ ಅಗಲ ಕೊರೆದಿರ್ತಾರೆ, ತಲೆಕೆಳಗಾದ ಟೀ ಅಕ್ಷರದ ಥರ. ನಮ್ಮ ಬಾರ್ ತುದಿಗೆ ಅಡಿಯಲ್ಲಿ ಒಂದು ವಾಷರ್ ಸ್ಕ್ರೂ ಮಾಡಿರ್ತೀವಿ, ಗೇಜ್ ಹೊರಗೆ ಎಳೆದಾಗ ಮಗುಚಿ ಬೀಳದೇ ಇರ್ಲಿ ಅಂತ. ಚೌಕ ಸ್ಲಾಟ್ ಆದ್ರೆ ಆ ವಾಷರ್ ಬಿಚ್ಚಿದ್ರೆ ಸಾಕು, ಬಾರ್ ಹೋಗುತ್ತೆ. ವಾಪಸ್ ಬಂದ ಎಷ್ಟೋ ಗೇಜ್‌ಗಳಲ್ಲಿ ತೊಂದ್ರೆ ಇಷ್ಟೇ ಇತ್ತು. ತುದಿಯದೊಂದು ಫೋಟೋ ಕಳಿಸಿದ್ರೆ ನಾವೇ ನೋಡಿ ಬಿಚ್ಚಿ ಕಳಿಸ್ತೀವಿ.

ಸ್ವಲ್ಪ ಸಡಿಲ ಇದ್ರೂ ನಡೆಯುತ್ತೆ ಬಿಡಿ ಅಂತ ಕೆಲವರು ಹೇಳ್ತಾರೆ, ನಾವು ಒಪ್ಪಲ್ಲ. ಅಗಲದ ಹಲಗೆ ಕಟ್ ಮಾಡೋಕೆ ಗೇಜ್ ಹಿಂದಕ್ಕೆ ಎಳೆದಾಗ ಬಾರ್ 150 ಮಿಮೀ ಮಾತ್ರ ಸ್ಲಾಟ್ ಒಳಗಿರುತ್ತೆ ಅಂದ್ಕೊಳ್ಳಿ, ಅಲ್ಲಿ ಅರ್ಧ ಮಿಮೀ ಅಲ್ಲಾಟ ಇದ್ರೆ 300 ಮಿಮೀ ಅಗಲದ ಹಲಗೆ ಮೇಲೆ ಅದು 1 ಮಿಮೀ ಸೊಟ್ಟ. ಫ್ರೇಮ್ ಮಾಡೋರಿಗೆ ಇನ್ನೂ ಕಷ್ಟ. ನಾಲ್ಕು ಮೂಲೆಗೆ 45 ಡಿಗ್ರಿಯ ಎಂಟು ಕಟ್ ಬರುತ್ತೆ, ಒಂದೊಂದು ಕಾಲು ಡಿಗ್ರಿ ಒಂದೇ ಕಡೆಗೆ ತಪ್ಪಿದ್ರೆ ಕೊನೇ ಮೂಲೆ ಕೂಡಿಸೋ ಹೊತ್ತಿಗೆ 2 ಡಿಗ್ರಿ ಸಂದು ಬಾಯಿ ಬಿಟ್ಕೊಂಡಿರುತ್ತೆ. ಬಾರ್ ಕೂದಲೆಳೆಯಷ್ಟು ಸಡಿಲ ಇದ್ರೆ ಅದರ ಪಕ್ಕದಲ್ಲಿ ಸೆಂಟರ್ ಪಂಚ್ ಇಟ್ಟು ಅಲ್ಲಲ್ಲಿ ಒಂದೊಂದು ಏಟು ಹಾಕಿ, ಗುಳಿಯ ಸುತ್ತ ಲೋಹ ಉಬ್ಬಿ ಬಿಗಿ ಆಗುತ್ತೆ, ಜಾಸ್ತಿ ಆದ್ರೆ ಅರ ಆಡಿಸಿ. ಅದಕ್ಕಿಂತ ಸಡಿಲ ಇದ್ರೆ ದಯವಿಟ್ಟು ನಮಗೆ ವಾಪಸ್ ಕಳಿಸಿ.

ಇನ್ನು ಅಳತೆ ಬಂದ ತಕ್ಷಣ ನಾವು ಪೂರ್ತಿ ಗೇಜ್ ಕಳಿಸಲ್ಲ, ಮೊದಲು ಅದೇ ಅಗಲದ ಚಿಕ್ಕ ಬಾರ್ ತುಂಡು ಬರುತ್ತೆ. ಅದನ್ನ ಸ್ಲಾಟ್‌ನಲ್ಲಿ ಆ ತುದಿಯಿಂದ ಈ ತುದಿ ತನಕ ಜಾರಿಸಿ ನೋಡಿ, ಎಲ್ಲೂ ಹಿಡೀಬಾರ್ದು, ಎಲ್ಲೂ ಅಲ್ಲಾಡ್ಬಾರ್ದು. ಸರಿ ಇದೆ ಅಂದ್ರೆ ಗೇಜ್ ಕಳಿಸ್ತೀವಿ. ಇದರಿಂದ ಸ್ವಲ್ಪ ದಿನ ತಡ ಆಗುತ್ತೆ ಅನ್ನೋದು ಗೊತ್ತಿದೆ, ಆದ್ರೂ ಎರಡೆರಡು ಸಲ ವಾಪಸ್ ಕಳಿಸೋ ಪಾಡಿಗಿಂತ ಇದು ವಾಸಿ. ತುಂಡಿಗೂ ಅದರ ಪಾರ್ಸಲ್‌ಗೂ ದುಡ್ಡು ತಗೊಳ್ಳಲ್ಲ. ನಿಮ್ಮ ಹಳೇ ಗೇಜಿನ ತಲೆ ಗಟ್ಟಿ ಇದ್ದು ಬಾರ್ ಮಾತ್ರ ಸವೆದಿದ್ರೆ ಹೇಳಿ, ಬರೀ ಬಾರ್ ಕೊಡ್ತೀವಿ, ಹಳೇ ಎರಕದ ತಲೆ ಸುಮ್ನೆ ಎಸೆಯೋ ವಸ್ತು ಅಲ್ಲ.

ಹೊಸ ಗೇಜ್ ಬಂದ್ಮೇಲೆ ಅದರ ಮೇಲಿರೋ ಸ್ಕೇಲ್ ನಂಬ್ಬೇಡಿ. ಮೊದಲು ಬ್ಲೇಡ್ ಸ್ಲಾಟ್‌ಗೆ ಸಮಾನಾಂತರ ಇದ್ಯಾ ನೋಡ್ಕೊಳ್ಳಿ, ಬ್ಲೇಡಿನ ಒಂದೇ ಹಲ್ಲನ್ನ ಮುಂದೊಂದು ಸಲ ಹಿಂದೊಂದು ಸಲ ತಂದು ಸ್ಲಾಟ್‌ನಿಂದ ಅಳೆದ್ರೆ ಗೊತ್ತಾಗುತ್ತೆ. ಆಮೇಲೆ ಎರಡೂ ಅಂಚು ನೇರ, ಸಮಾನಾಂತರ ಇರೋ ಹಲಗೆ ಒಂದನ್ನ 90 ಡಿಗ್ರಿಗೆ ಕಟ್ ಮಾಡಿ, ಒಂದು ತುಂಡು ಮಗುಚಿ ಎರಡನ್ನೂ ಕೂಡಿಸಿ. ಕಾಣೋ ಸಂದು ನಿಜವಾದ ತಪ್ಪಿನ ಎರಡರಷ್ಟು ಇರುತ್ತೆ, ಮೂಲೆಮಟ್ಟದಲ್ಲಿ ಕಣ್ಣಿಗೆ ಬೀಳದೇ ಇರೋದೂ ಇದ್ರಲ್ಲಿ ಬೀಳುತ್ತೆ.

ಗೇಜ್ ಬರೋ ತನಕ ದಯವಿಟ್ಟು ಯಾರೂ ಬರೀ ಕೈಯಲ್ಲಿ ಹಿಡಿದು ಅಡ್ಡ ಕಟ್ ಮಾಡ್ಬೇಡಿ. ಹಲಗೆ ಒಂಚೂರು ತಿರುಗಿದ್ರೂ ಬ್ಲೇಡ್ ಅದನ್ನ ಹಿಡಿದು ನಿಮ್ಮ ಮೇಲೇ ಎಸೆಯುತ್ತೆ. ಸ್ಲಾಟ್‌ಗೆ ಸರಿಯಾಗಿ ಗಟ್ಟಿ ಮರದ ಎರಡು ಪಟ್ಟಿ ಸೀಳಿ, ಮೇಲೆ ಪ್ಲೈವುಡ್ ಕೂರಿಸಿ, ಹಿಂದೆ ಮುಂದೆ ಅಡ್ಡಪಟ್ಟಿ ಹಾಕಿದ್ರೆ ಒಂದು ಸ್ಲೆಡ್ ಆಗುತ್ತೆ, ಅಲ್ಲಿ ತನಕ ಅದೇ ಸಾಕು.

ಈಗಾಗ್ಲೇ ಮಾಡೆಲ್ ನಂಬರ್ ಕೊಟ್ಟು ಆರ್ಡರ್ ಮಾಡಿರೋರಿಗೆ ನಾವೇ ಫೋನ್ ಮಾಡಿ ಅಳತೆ ಕೇಳ್ತೀವಿ. ಹಿಂದೆ ನಮ್ಮಿಂದ ತಗೊಂಡ ಗೇಜ್ ಸರಿ ಕೂತಿಲ್ಲ ಅಂತ ಮೂಲೆಗೆ ಹಾಕಿದ್ರೆ ಅದನ್ನೂ ತಿಳಿಸಿ, ಎಷ್ಟು ಹಳೇದಾದ್ರೂ ಸರಿ, ಬಾರ್ ಬದಲಾಯಿಸಿ ಕೊಡ್ತೀವಿ.

ಇಂತಿ,
ನಿಮ್ಮ ಬಿಡಿಭಾಗ ವಿಭಾಗದವರು